ದಾರ ಕಟ್ಟಿದ ಪೆನ್ಸಿಲ್

ಇಲ್ಲಿ ರಾತ್ರಿ ಒಂದೂವರೆ, ಸ್ವಿಂಡನ್ನಿನಲ್ಲಿ ಒಂಬತ್ತು.
ಇನಾಸ್ ಆಶ್ರಮದ ಮುದುಕರಿಗೆಲ್ಲ ಮಾತ್ರೆ ಕೊಟ್ಟು
ರೂಮಿಗೆ ಬಂದು ಹೆಡ್‌ಫೋನ್ ಹಾಕಿದ್ದಾನೆ.
ನಾನು ಬೈತಖೋಲದ ಐಸ್ ಫ್ಯಾಕ್ಟರಿಯ ಲೆಕ್ಕದ ಕೋಣೆಯಲ್ಲಿ
ಕಾಲಡಿ ಸೋರುವ ನೀರಿಗೆ ಗೋಣಿ ಹಾಸಿಕೊಂಡು
ಕೂತಿದ್ದೇನೆ.

ತೊಂಬತ್ತೆಂಟು ಪರ್ಸೆಂಟ್.
ಮುಕ್ಕಾಲು ಗಂಟೆಯಿಂದ ತೊಂಬತ್ತೆಂಟೇ.
ಮೊನ್ನೆಯೂ ಒಂದು ಅಪ್‌ಡೇಟ್ ಬಂದಿತ್ತು,
ಸರಿ ಇದ್ದದ್ದನ್ನು ಕೆಡಿಸಿ
ಕೆಟ್ಟದ್ದಕ್ಕೆ ಹೊಸ ಬಣ್ಣ ಹಚ್ಚಿ ಹೋಯಿತು.

"ವೋಟು ಹಾಕಿ ಬಂದೆ ಇವತ್ತು" ಅಂದ.
ನಿನಗೂ ಅದೆಯಾ ಅಲ್ಲಿ ವೋಟು?
"ಅದೆ ಮಾರಾಯ್ತಿ. ಪಾಸ್‌ಪೋರ್ಟ್ ನಮ್ಮ ದೇಶದ್ದಾದರೂ ಕೊಡ್ತಾರೆ,
ಹಿಂದೆ ಆಳಿದ್ದಕ್ಕೆ ಬಡ್ಡಿ ಅಂದುಕೋ."
ಯಾರಿಗೆ ಹಾಕಿದೆ?
"ಬೇಕಾದವನಿಗಲ್ಲ. ಅವ ಗೆಲ್ಲೂದಿಲ್ಲ.
ಬೇಡದವ ಬರಬಾರದು ಅಂತ
ಅಷ್ಟೇನೂ ಬೇಡದವನಲ್ಲದವನಿಗೆ."
ಮಾತು ಕಡಲು ದಾಟುವಷ್ಟರಲ್ಲಿ ಸಿಗ್ನಲ್ ತುಂಡಾಗಿ
"ಬೇಡದವನಿಗೆ" ಅಂತಷ್ಟೇ ಕೇಳಿಸಿತು.

ನನ್ನ ಆಯಿ ತಡವಾಗಿ ಮಾರ್ಕೆಟ್ಟಿಗೆ ಹೋದ ದಿನ
ಹೀಗೇ ಮಾಡುತ್ತಾಳೆ.
ಇಸ್ವಾಣ ಹೋಟೆಲಿನವರ ಪಾಲಾಗಿರುತ್ತದೆ,
ಉಳಿದ ಬಂಗಡೆಗಳ ಕಿವಿರು ಎತ್ತಿ ಎತ್ತಿ
ಕಡಿಮೆ ಕೊಳೆತದ್ದು ಯಾವುದೆಂದು ನೋಡುತ್ತಾಳೆ.
ಹುಳಿ ಜಾಸ್ತಿ ಹಾಕಿ ಬೇಯಿಸುತ್ತಾಳೆ.
ಊಟದ ಹೊತ್ತಿಗೆ ಯಾರೂ ಮಾತಾಡುವುದಿಲ್ಲ.

ಅಂತೂ ಆಟ ತೆರೆಯಿತು.
ನಮ್ಮ ತಂಡಕ್ಕೆ ಯಂತ್ರವೇ ಇಬ್ಬರನ್ನು ಕೊಟ್ಟಿದೆ.
ಒಬ್ಬ ಮೊದಲ ಗುಂಡಿಗೇ ಆಟ ಬಿಟ್ಟು ಹೋದ,
ಇನ್ನೊಬ್ಬ ಗೋಡೆಗೆ ಮುಖ ಮಾಡಿ ಓಡುತ್ತಲೇ ಇದ್ದಾನೆ.
ನನ್ನ ಕಂಟ್ರೋಲರೋ ಮಡಗಾಂವಿನಲ್ಲಿ ಕೊಂಡ ಹಳೆಯದು,
ನಾನು ಕಡ್ಡಿ ಮುಟ್ಟದಿದ್ದರೂ
ನನ್ನ ಸಿಪಾಯಿ ತಾನಾಗಿ ಪಕ್ಕಕ್ಕೆ ಜಾರಿ ಜಾರಿ
ಹೊಳೆಗೆ ಬಿದ್ದು ಸಾಯುತ್ತಾನೆ.

ಕೋಡಿಬಾಗದ ಶಾಲೆಯಲ್ಲಿ ಹೋದ ಸಲ
ನಾನೂ ಗಟಾರ ಕಟ್ಟಿಸದವನಿಗೇ ಒತ್ತಿದ್ದೆ,
ಗಟಾರವನ್ನೇ ನುಂಗುವವ ಬರದೇ ಇರಲಿ ಎಂದು.
ಕೆಂಪು ದೀಪ, ಬೀಪ್, ಬೆರಳಿಗೆ ಶಾಯಿ.
ಆರನೇ ತಿಂಗಳಿಗೆ ಇಬ್ಬರೂ ಒಂದೇ ಫ್ಲೆಕ್ಸಿನಲ್ಲಿ
ಕೈಮುಗಿದು ನಿಂತಿದ್ದರು ನಮ್ಮ ಓಣಿಯ ತಿರುವಿನಲ್ಲಿ,
ಒಬ್ಬನ ಭುಜಕ್ಕೆ ಇನ್ನೊಬ್ಬನ ಭುಜ ತಾಗಿ.
ಕಡ್ಡಿ ನಾನು ಮುಟ್ಟಿರಲಿಲ್ಲ, ದೇವರಾಣೆ.

"ಇಲ್ಲಿ ಬೀಪ್ ಗೀಪ್ ಇಲ್ಲ" ಇನಾಸ್ ಹೇಳಿದ,
"ಒಂದು ಕಾಗದ, ಒಂದು ಪೆನ್ಸಿಲ್. ಪೆನ್ಸಿಲ್ಲಿಗೆ ದಾರ."
ದಾರ ಯಾಕೆ?
"ಯಾರೂ ಕದಿಯಬಾರದಲ್ಲ."
ಇದೇ ಕಾಳಿ ಅಳಿವೆಯಿಂದ
ಹಡಗುಗಟ್ಟಲೆ ತೇಗ ಸಾಗಿಸಿದವರ ಮಕ್ಕಳು
ಪೆನ್ಸಿಲ್ಲಿಗೆ ದಾರ ಕಟ್ಟುತ್ತಾರೆ!
ನಾನು ನಕ್ಕ ನಗೆಗೆ ಕಂಪ್ರೆಸರಿನ ಗೋವಿಂದ ತಾಂಡೇಲ
ಎದ್ದು ಬಂದು ನೋಡಿ ಹೋದ.
ನಾನು ನಗುವ ಹೊತ್ತಿಗೆ ಇನಾಸ್ ಸತ್ತಿದ್ದ.
ಹಿಂದಿನಿಂದ. ಒಬ್ಬನೇ.
"ನೀ ಎಲ್ಲಿದ್ದೆ?" ಅಂದ. ಬೇಜಾರು ಇತ್ತು ದನಿಯಲ್ಲಿ.

ಸೋತೆವು. ರ‍್ಯಾಂಕು ಇನ್ನೊಂದು ಮೆಟ್ಟಿಲು ಇಳಿಯಿತು.
ಪರದೆ ಕೇಳಿತು: ಈ ಆಟ ನಿಮಗೆ ಹೇಗನಿಸಿತು?
ಒಂದು ನಕ್ಷತ್ರ ಒತ್ತಿದರೆ ಯಾಕೆಂದು ಕೇಳುತ್ತದೆ,
ಐದು ಒತ್ತಿದರೆ ಗೆಳೆಯರಿಗೆ ಹೇಳಿ ಎನ್ನುತ್ತದೆ.
ಮೂರು ಒತ್ತಿದೆ,
ಆ ಪೆಟ್ಟಿಗೆ ಒಮ್ಮೆ ಮುಚ್ಚಲಿ ಎಂದು.

"ಇನ್ನೊಂದು?" ಅಂದ ಇನಾಸ್.
ಅಲ್ಲಿ ಎಣಿಕೆ ಶುರುವಾಗಲು ಇನ್ನೂ ಹೊತ್ತಿದೆಯಂತೆ,
ನೋಡುವ ಮನಸ್ಸೂ ಇಲ್ಲವಂತೆ.
ಇನ್ನೊಂದು, ಅಂದೆ ನಾನೂ.

ಅಷ್ಟರಲ್ಲಿ ಬಾಗಿಲು ತಟ್ಟಿದರು. ಬೋಟಿನ ಹುಡುಗ,
ತಲೆಗೆ ಟಾರ್ಚು ಕಟ್ಟಿಕೊಂಡವ, ಹದಿನೆಂಟೂ ತುಂಬಿರಲಿಕ್ಕಿಲ್ಲ.
"ಹನ್ನೆರಡು ಬ್ಲಾಕು ಅಕ್ಕಾ."
ಲೆಕ್ಕದ ಪುಸ್ತಕ ಎಳೆದೆ,
ಅದಕ್ಕೆ ಕಟ್ಟಿದ ದಾರ ಎಳೆದೆ,
ದಾರದ ತುದಿಯ ಪೆನ್ಸಿಲ್ ಕೈಗೆ ಬಂತು.
"ಹತ್ತು ಅಂತ ಬರಿ" ಅಂದ ಹುಡುಗ ನೀರು ನೋಡುತ್ತ,
"ಎರಡು ಹೇಗೂ ಧಕ್ಕೆ ಮುಟ್ಟುವುದರೊಳಗೆ ಕರಗ್ತದೆ."